ಇಸಿಜಿ ನಾರ್ಮಲ್ ಅಂತ ಬಂತು, ಸರಿ. ಯಾರ ಲೆಕ್ಕದಲ್ಲಿ ನಾರ್ಮಲ್? ಹೃದಯದ ಟೆಸ್ಟುಗಳು, ಅಪಾಯದ ಲೆಕ್ಕಗಳು ಒಂದು ಜನಾಂಗಕ್ಕೆ ಸರಿ ಹೊಂದಿ ಇನ್ನೊಂದಕ್ಕೆ ಯಾಕೆ ತಪ್ತವೆ ಅಂತ ನೋಡೋಣ.

2013ರಲ್ಲಿ ಅಮೆರಿಕದ ಎರಡು ದೊಡ್ಡ ಹೃದ್ರೋಗ ಸಂಸ್ಥೆಗಳು ಸೇರಿ ಒಂದು ಕ್ಯಾಲ್ಕುಲೇಟರ್ ತಂದ್ರು. ವಯಸ್ಸು, ಗಂಡೋ ಹೆಣ್ಣೋ, ಕೊಲೆಸ್ಟ್ರಾಲ್, ಬಿಪಿ, ಶುಗರ್ ಇದ್ಯಾ, ಸಿಗರೇಟ್ ಸೇದ್ತೀರಾ, ಇಷ್ಟು ತುಂಬಿದ್ರೆ ಮುಂದಿನ 10 ವರ್ಷದಲ್ಲಿ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಆಗೋ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಒಂದು ನಂಬರ್ ಕೊಡ್ತದೆ. ಅದರಲ್ಲಿ ಇನ್ನೊಂದು ಪ್ರಶ್ನೆನೂ ಇತ್ತು, ನಿಮ್ಮ ಜನಾಂಗ ಯಾವುದು ಅಂತ. ಉತ್ತರಕ್ಕೆ ಮೂರೇ ಜಾಗ: ಬಿಳಿಯರು, ಆಫ್ರಿಕನ್ ಅಮೆರಿಕನ್ನರು, ಇತರೆ. ತಮಾಷೆ ಅಂದ್ರೆ "ಇತರೆ" ಒತ್ತಿದ್ರೂ ಒಳಗೆ ಓಡೋದು ಬಿಳಿಯರ ಸೂತ್ರವೇ. ಅಂದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಲೆಕ್ಕದಲ್ಲಿ ಶಿರಸಿಯ ಹೆಗಡೇರು, ಅಂಕೋಲೆಯ ನಾಡವರು, ಹಾಲಕ್ಕಿಗಳು, ಭಟ್ಕಳದ ನವಾಯತರು, ಕಾರವಾರದ ಖಾರ್ವಿಗಳು ಎಲ್ಲರೂ ಆ ಕಂಪ್ಯೂಟರಿನ ಕಣ್ಣಿಗೆ ಬಿಳಿಯರೇ. ಯಲ್ಲಾಪುರದ ಕಾಡಂಚಿನ ಒಬ್ಬ ಸಿದ್ದಿ ಯಾವ ಬಾಕ್ಸ್ ಒತ್ತಬೇಕು? ಪೂರ್ವಜರು ಆಫ್ರಿಕಾದಿಂದ ಬಂದವರು, ಆದ್ರೆ ಶತಮಾನಗಳಿಂದ ಇಲ್ಲೇ ಇರುವವರು, ಮನೆಮಾತು ಕೊಂಕಣಿ, ಊಟ ನಮ್ಮದೇ. ಮುಂಡಗೋಡಿನ ಕ್ಯಾಂಪಲ್ಲಿರೋ ಟಿಬೆಟಿಯನ್ನರು? ಅವರಿಗೂ "ಇತರೆ"ನೇ.

ಜನಾಂಗದ ಬಾಕ್ಸ್ ಬದಲಾಯಿಸಿದ್ರೆ ನಂಬರ್ ಎಷ್ಟು ಅಲ್ಲಾಡ್ತದೆ ಅನ್ನೋದಕ್ಕೆ ಆ ಕ್ಯಾಲ್ಕುಲೇಟರ್ ಜೊತೆ ಬಂದ ಗೈಡ್‌ಲೈನಿನಲ್ಲೇ ಒಂದು ಉದಾಹರಣೆ ಇದೆ. 55 ವರ್ಷದ ವ್ಯಕ್ತಿ, ಒಟ್ಟು ಕೊಲೆಸ್ಟ್ರಾಲ್ 213, ಒಳ್ಳೆ ಕೊಲೆಸ್ಟ್ರಾಲ್ 50, ಬಿಪಿ ಮೇಲಿನದ್ದು 120, ಮಾತ್ರೆ ಇಲ್ಲ, ಸಿಗರೇಟ್ ಇಲ್ಲ, ಶುಗರ್ ಇಲ್ಲ. ಬಿಳಿ ಹೆಂಗಸಾದ್ರೆ ಶೇ. 2.1, ಆಫ್ರಿಕನ್ ಅಮೆರಿಕನ್ ಹೆಂಗಸಾದ್ರೆ 3.0, ಬಿಳಿ ಗಂಡಸಾದ್ರೆ 5.3, ಆಫ್ರಿಕನ್ ಅಮೆರಿಕನ್ ಗಂಡಸಾದ್ರೆ 6.1. ರಕ್ತದ ರಿಪೋರ್ಟ್ ಅದೇ, ಬಿಪಿ ಅದೇ. ಆ ಗೈಡ್‌ಲೈನಿನ ಪ್ರಕಾರ 7.5 ದಾಟಿದ್ರೆ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆಯ ಮಾತು ಶುರುವಾಗ್ತಿತ್ತು, ಹಾಗಾಗಿ ಗಡಿಯ ಹತ್ತಿರ ಇರೋರಿಗೆ ಈ ಒಂದು ಕ್ಲಿಕ್ಕೇ ಮಾತ್ರೆ ಶುರು ಮಾಡೋದಾ ಬೇಡವಾ ಅಂತ ತೀರ್ಮಾನ ಮಾಡಿಬಿಡಬಹುದಿತ್ತು.

ನಾನು ಡಾಕ್ಟರ್ ಅಲ್ಲ, ಲ್ಯಾಬಲ್ಲಿ ಕೆಲಸ ಮಾಡೋನು. ರಿಪೋರ್ಟ್ ಕೈಗೆ ಸಿಕ್ಕಿದ ಕೂಡ್ಲೆ ಜನ ನೋಡೋದು ಕೊನೆಯ ಕಾಲಮ್ಮು, ಅದೇ ರೆಫರೆನ್ಸ್ ರೇಂಜ್ ಅಂತ ಇರ್ತದಲ್ಲ, ಇಷ್ಟರಿಂದ ಇಷ್ಟರವರೆಗೆ ಇದ್ರೆ ಸರಿ ಅಂತ. ನಂಬರ್ ಅದರೊಳಗೆ ಕೂತಿದ್ರೆ ಮುಖ ಅರಳ್ತದೆ, ದಪ್ಪಕ್ಷರದಲ್ಲಿ ಬಂದಿದ್ರೆ "ಮಾರಾಯ, ಇದೆಂಥದು" ಅಂತ ಕೇಳ್ತಾರೆ. ಆ ರೇಂಜ್ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲ್ಲ. ಯಾರೋ ಒಂದಷ್ಟು ಜನರ ಮೈ ಅಳೆದು, ಇವರು ಆರೋಗ್ಯವಂತರು ಅಂತ ಗೆರೆ ಹಾಕಿದ್ದು ಅದು. ಆ ಒಂದಷ್ಟು ಜನ ಯಾರು ಅನ್ನೋದೇ ಇಲ್ಲಿನ ವಿಷಯ.

ಹೃದಯದ ಲೆಕ್ಕದಲ್ಲಿ ಆ ಜನ ಮೊದಲು ಸಿಕ್ಕಿದ್ದು ಬೋಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಲ್ಲಿ. 1948ರಲ್ಲಿ ಶುರುವಾದ ಅಧ್ಯಯನ, 5,209 ಜನ, ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ಅವರನ್ನ ದಶಕಗಟ್ಟಲೆ ಹಿಂಬಾಲಿಸಿ ಯಾರಿಗೆ ಅಟ್ಯಾಕ್ ಆಯ್ತು, ಯಾರಿಗೆ ಆಗ್ಲಿಲ್ಲ, ಮೊದಲೇ ಅವರ ಬಿಪಿ ಎಷ್ಟಿತ್ತು, ಕೊಲೆಸ್ಟ್ರಾಲ್ ಎಷ್ಟಿತ್ತು ಅಂತ ಬರೆದಿಟ್ರು. ಇವತ್ತು ನಾವು ಸಲೀಸಾಗಿ "ರಿಸ್ಕ್ ಫ್ಯಾಕ್ಟರ್" ಅಂತೀವಲ್ಲ, ಆ ಮಾತು ಚಲಾವಣೆಗೆ ಬಂದಿದ್ದೇ 1961ರಲ್ಲಿ ಅವರ ಬರಹದಿಂದ. ಅದ್ಭುತ ಕೆಲಸ, ಅದರಲ್ಲಿ ಎರಡು ಮಾತಿಲ್ಲ, ಬಿಪಿ ಹೆಚ್ಚಿದ್ರೆ ಹೃದಯಕ್ಕೆ ಪೆಟ್ಟು ಅಂತ ಜಗತ್ತಿಗೆ ಗಟ್ಟಿಯಾಗಿ ಗೊತ್ತಾಗಿದ್ದೇ ಅಲ್ಲಿಂದ. ಆದ್ರೆ ಬಿಪಿ ಕೆಟ್ಟದ್ದು ಅನ್ನೋ ಮಾತು ಎಲ್ಲಾ ಊರಿಗೂ ಹೊಂದ್ತದೆ, ಈ ಬಿಪಿಗೆ ಇಷ್ಟೇ ಶೇಕಡಾ ಅನ್ನೋ ಲೆಕ್ಕ ಎಲ್ಲಾ ಊರಿಗೂ ಹೊಂದಲ್ಲ.

ಟೆಸ್ಟು ಒಂದು ಜನಾಂಗದಲ್ಲಿ ಚೆನ್ನಾಗಿ ಕೆಲಸ ಮಾಡಿ ಇನ್ನೊಂದರಲ್ಲಿ ತಪ್ಪೋದಕ್ಕೆ ಕಾರಣ ಒಂದೇ ಅಲ್ಲ. ಕೆಲವು ಕಡೆ ಯಂತ್ರವೇ ತಪ್ಪಿ ಓದ್ತದೆ. ಕೊರೋನಾ ಟೈಮಲ್ಲಿ ಮನೆಮನೆಗೂ ಬಂತಲ್ಲ ಬೆರಳಿಗೆ ಸಿಕ್ಕಿಸೋ ಪಲ್ಸ್ ಆಕ್ಸಿಮೀಟರು, ಅದು ಬೆಳಕು ಹಾಯಿಸಿ ರಕ್ತದ ಆಕ್ಸಿಜನ್ ಅಂದಾಜು ಮಾಡೋದು, ನಡುವೆ ಚರ್ಮದ ಬಣ್ಣ ಬರ್ತದೆ. 2020ರಲ್ಲಿ ಮಿಶಿಗನ್ನಿನ ಡಾಕ್ಟರುಗಳು ಹೋಲಿಸಿ ನೋಡಿದ್ರು. ಆಕ್ಸಿಮೀಟರ್ 92ರಿಂದ 96 ತೋರಿಸ್ತಿದ್ದಾಗ ಅಪಧಮನಿಯಿಂದ ರಕ್ತ ತೆಗೆದು ಅಳೆದ್ರೆ ನಿಜಕ್ಕೂ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6 ಸಲ, ಕಪ್ಪು ವರ್ಣೀಯರಲ್ಲಿ 11.7 ಸಲ. ಹೃದಯದ್ದೇ ಟೆಸ್ಟ್ ಅಲ್ಲ ನಿಜ, ಆದ್ರೆ ಅಟ್ಯಾಕ್ ಆದವರನ್ನ ಆಂಬುಲೆನ್ಸಲ್ಲಿ ಸಾಗಿಸುವಾಗ ಬೆರಳಲ್ಲಿ ಇರೋದು ಇದೇ.

ಇನ್ನು ಕೆಲವು ಕಡೆ ಯಂತ್ರ ಸರಿಯಾಗೇ ಓದ್ತದೆ, ಗೆರೆ ಹಾಕಿದ ಜಾಗ ತಪ್ಪು. ಇಸಿಜಿ ತಗೊಳ್ಳಿ. ಹೃದಯದ ಎಡಗೋಣೆಯ ಗೋಡೆ ದಪ್ಪ ಆಗಿದ್ಯಾ ಅಂತ ನೋಡೋಕೆ 1949ರಿಂದ ಒಂದು ಲೆಕ್ಕ ಇದೆ, ಸೊಕೊಲೊವ್ ಲಯನ್ ಅಂತ. ಎದೆ ಮೇಲೆ ಅಂಟಿಸೋ ತಂತಿಗಳಿಗೆ ಲೀಡು ಅಂತಾರೆ, ಅಂಥ ಎರಡು ಲೀಡುಗಳ ಅಲೆ ಎತ್ತರ ಕೂಡಿಸಿ 35 ಮಿಲಿಮೀಟರ್ ಮುಟ್ಟಿದ್ರೆ ಗೋಡೆ ದಪ್ಪ ಆಗಿರಬಹುದು ಅಂತ ಅನುಮಾನ. ಆಫ್ರಿಕನ್ ಮೂಲದವರಲ್ಲಿ ಆರೋಗ್ಯವಂತರ ಅಲೆಗಳೇ ಸರಾಸರಿ ಎತ್ತರ ಇರ್ತವೆ, ಹಾಗಾಗಿ ಈ ಗೆರೆ ಅವರಲ್ಲಿ ಸುಮ್ಮಸುಮ್ಮನೆ ದಾಟ್ತದೆ, ಎಕೋ ಅನ್ನೋ ಹೃದಯದ ಸ್ಕ್ಯಾನ್ ಮಾಡಿ ನೋಡಿದ್ರೆ ಎಂತದ್ದೂ ಇರಲ್ಲ. ಸಪೂರ ಮೈಯವರಲ್ಲೂ ಹೀಗೇ, ಎದೆಗೂಡಿನ ಮೇಲೆ ಮಾಂಸ ಕಮ್ಮಿ ಇದ್ದಷ್ಟೂ ಅಲೆ ಎತ್ತರ ಕಾಣ್ತದೆ. ಉಲ್ಟಾ, ದಪ್ಪಗಿರೋರಲ್ಲಿ ನಿಜವಾದ ತೊಂದರೆ ಇದ್ರೂ ಅಲೆ ಕುಗ್ಗಿ ಕಾಣಬಹುದು.

ಕ್ರೀಡಾಪಟುಗಳ ವಿಷಯದಲ್ಲಂತೂ ಇದನ್ನ ಬರೆದೇ ಇಟ್ಟಿದ್ದಾರೆ. 2017ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎದೆಯ ಮೊದಲ ನಾಲ್ಕು ಲೀಡುಗಳಲ್ಲಿ ಇಸಿಜಿಯ ಎಸ್‌ಟಿ ಅನ್ನೋ ಗೆರೆ ಗುಮ್ಮಟದ ಹಾಗೆ ಮೇಲೆದ್ದು ಅದರ ನಂತರದ ಟಿ ಅನ್ನೋ ಅಲೆ ತಲೆಕೆಳಗಾಗಿದ್ರೆ ಅದು ಕಪ್ಪು ವರ್ಣೀಯ ಅಥ್ಲೀಟಲ್ಲಿ ನಾರ್ಮಲ್, ಬೇರೆಯವರಲ್ಲಿ ಮುಂದಿನ ತಪಾಸಣೆ ಬೇಕು. ಇದನ್ನ ಓದಿದಾಗ ನನಗೆ ತಟ್ಟಂತ ನೆನಪಾಗಿದ್ದು 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಜಿಲ್ಲೆಯ ಸಿದ್ದಿ ಹುಡುಗ ಹುಡುಗಿಯರನ್ನ ಓಟಕ್ಕೆ ಅಂತ ಆರಿಸಿಕೊಂಡು ಹೋಗಿದ್ದು. ಅಂಥ ಒಬ್ಬ ಓಟಗಾರನ ಇಸಿಜಿ ಹಳಿಯಾಳದಲ್ಲೋ ಧಾರವಾಡದಲ್ಲೋ ತೆಗೆದ್ರೆ ಡಾಕ್ಟ್ರು ಯಾವ ನಿಯಮ ಹಿಡೀಬೇಕು? ಜೀನ್ ಅಧ್ಯಯನಗಳಲ್ಲಿ ಸಿದ್ದಿಗಳ ವಂಶದ ದೊಡ್ಡ ಪಾಲು ಆಫ್ರಿಕಾದ್ದು ಅಂತ ಕಂಡಿದೆ, ಜೊತೆಗೆ ಭಾರತದ ಪಾಲೂ ಇದೆ. ಅಷ್ಟೇ ಅಲ್ಲ, "ಆಫ್ರಿಕನ್" ಅನ್ನೋದೂ ಒಂದೇ ಸರಕು ಅಲ್ಲವಲ್ಲ, ಪಶ್ಚಿಮ ಆಫ್ರಿಕಾ ಮೂಲದ ಆಟಗಾರರ ಇಸಿಜಿಗೂ ಪೂರ್ವ ಆಫ್ರಿಕಾದವರದ್ದಕ್ಕೂ ವ್ಯತ್ಯಾಸ ಇದೆ. ಚರ್ಮ ನೋಡಿ ನಿಯಮ ಆರಿಸೋದ್ರಲ್ಲಿ ಇರೋ ತಾಪತ್ರಯ ಇದೇ.

ಈಗ ಸ್ವಲ್ಪ ಲೆಕ್ಕ, ಬೇಜಾರು ಮಾಡ್ಕೋಬೇಡಿ, ಇದು ಅರ್ಥ ಆದ್ರೆ ಉಳಿದದ್ದೆಲ್ಲಾ ತಾನಾಗೇ ಅರ್ಥ ಆಗ್ತದೆ. ಟೆಸ್ಟಿನ ನಿಖರತೆ ಅಂದ್ರೆ ಎರಡು ಬೇರೆ ಬೇರೆ ಗುಣ. ರೋಗ ಇದ್ದವರಲ್ಲಿ ಎಷ್ಟು ಜನರನ್ನ ಹಿಡೀತದೆ ಅನ್ನೋದು ಒಂದು, ರೋಗ ಇಲ್ಲದವರಲ್ಲಿ ಎಷ್ಟು ಜನರನ್ನ ಸರಿಯಾಗಿ ಬಿಟ್ಟುಬಿಡ್ತದೆ ಅನ್ನೋದು ಇನ್ನೊಂದು. ಬಲೆಯ ಕಣ್ಣು ಸಣ್ಣ ಮಾಡಿದ್ರೆ ಬೇಕಾದ ಮೀನು ಒಂದೂ ತಪ್ಪಲ್ಲ, ಆದ್ರೆ ಮರಿ, ಕಸ, ಜೆಲ್ಲಿ ಎಲ್ಲಾ ಬಂದು ಕೂರ್ತದೆ. ಕಣ್ಣು ದೊಡ್ಡ ಮಾಡಿದ್ರೆ ಕಸ ಬರಲ್ಲ, ಮೀನೂ ಜಾರ್ತದೆ. ಒಂದು ಕಡಲಿನ ಮೀನಿನ ಗಾತ್ರ ನೋಡಿ ಕಟ್ಟಿದ ಬಲೆನ ಇನ್ನೊಂದು ಕಡಲಲ್ಲಿ ಬೀಸಿದ್ರೆ ಏನಾಗ್ತದೋ ಅದೇ ಆಗೋದು ಇಲ್ಲಿ, ಬಲೆ ಹರಿದಿಲ್ಲ, ಕಣ್ಣಿನ ಅಳತೆ ಹೊಂದ್ತಾ ಇಲ್ಲ.

ಒಂದು ಕಾಲ್ಪನಿಕ ಟೆಸ್ಟ್ ಇಟ್ಕೊಳ್ಳಿ. ರೋಗ ಇರೋ 100ರಲ್ಲಿ 80 ಜನರನ್ನ ಹಿಡೀತದೆ, ರೋಗ ಇಲ್ಲದ 100ರಲ್ಲಿ 80 ಜನರನ್ನ ಸರಿಯಾಗಿ ಬಿಡ್ತದೆ. ಕುಮಟೆಯಲ್ಲಿ ಉಚಿತ ಕ್ಯಾಂಪ್, 1,000 ಜನ ಬಂದ್ರು, ನಿಜವಾಗಿ ರೋಗ ಇರೋರು 20 ಜನ ಅಂತಿಟ್ಕೊಳ್ಳಿ. ಆ 20ರಲ್ಲಿ 16 ಜನ ಸಿಗ್ತಾರೆ. ಉಳಿದ 980 ಆರೋಗ್ಯವಂತರಲ್ಲಿ 196 ಜನರಿಗೂ "ಪಾಸಿಟಿವ್" ಅಂತ ಚೀಟಿ ಬರ್ತದೆ. ಒಟ್ಟು 212 ಚೀಟಿ, ಅದರಲ್ಲಿ ನಿಜ 16, ಅಂದ್ರೆ 13ಕ್ಕೆ ಒಬ್ಬರು. ಅದೇ ಟೆಸ್ಟ್ ಎದೆನೋವು ಅಂತ ಹಾರ್ಟ್ ಓಪಿಡಿಗೆ ಬಂದ 1,000 ಜನರಲ್ಲಿ ಮಾಡಿದ್ರೆ, ಅಲ್ಲಿ 400 ಜನರಿಗೆ ರೋಗ ಇದೆ ಅಂತಿಟ್ಕೊಂಡ್ರೆ, 320 ನಿಜ, 120 ಸುಳ್ಳು, ನಾಲ್ಕರಲ್ಲಿ ಹತ್ತಿರ ಹತ್ತಿರ ಮೂರು ಸರಿ. ಟೆಸ್ಟ್ ಅದೇ, ಯಂತ್ರ ಅದೇ, ಪಾಸಿಟಿವ್ ಅನ್ನೋ ಮಾತಿನ ತೂಕ ಮಾತ್ರ ಬೇರೆ ಆಯ್ತು. ಇನ್ನು ಒಂದು ಗುಂಪಿನವರಲ್ಲಿ ಸುಳ್ಳು ಪಾಸಿಟಿವ್ 100ಕ್ಕೆ 20ರ ಬದಲು 40 ಬರ್ತದೆ ಅಂತಾದ್ರೆ, ಕ್ಯಾಂಪಲ್ಲಿ 16 ನಿಜಕ್ಕೆ 392 ಸುಳ್ಳು, 25 ಚೀಟಿಗೆ ಒಂದು ನಿಜ.

ಆ ಸುಳ್ಳು ಚೀಟಿಗೆ ಬೆಲೆ ಇಲ್ಲ ಅನ್ಕೋಬೇಡಿ. ಸಿದ್ದಾಪುರದ ಒಳಹಳ್ಳಿಯವರಿಗೆ, ಜೋಯಿಡಾದವರಿಗೆ, ಚೀಟಿ ಹಿಡ್ಕೊಂಡು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗೋದು ಅಂದ್ರೆ ಒಬ್ಬರು ಜೊತೆಗೆ, ವಾಹನ, ಒಂದೆರಡು ದಿನದ ಕೂಲಿ, ಅಡಿಕೆ ಕೊಯ್ಲಿನ ಟೈಮಾದ್ರೆ ಮುಗಿದೇ ಹೋಯ್ತು. ಜಿಲ್ಲೆಗೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವು ಕೂಗ್ತಾ ಎಷ್ಟು ವರ್ಷ ಆಯ್ತು, ಗೊತ್ತೇ ಇದೆಯಲ್ಲ. ಇನ್ನೊಂದು ಕಡೆ, ಟೆಸ್ಟ್ ಬಿಟ್ಟುಬಿಟ್ಟವರ ಕತೆ ಇನ್ನೂ ಕಷ್ಟ, "ನಾರ್ಮಲ್ ಬಂದಿದೆ" ಅಂತ ಎದೆ ಉರಿಗೆ ಸೋಡಾ ಕುಡಿದು ಮಲಗ್ತಾರೆ.

ನಮ್ಮಂಥ ದಕ್ಷಿಣ ಏಷ್ಯಾದವರ ಮಟ್ಟಿಗೆ ಹೆಚ್ಚಿನ ತಪ್ಪು ಆಗೋದು ಈ ಎರಡನೇ ಬಗೆಯದು, ಅದೂ ಕ್ಯಾಲ್ಕುಲೇಟರಿನ ಸೂತ್ರದಲ್ಲಿ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನೋ ದೊಡ್ಡ ಅಧ್ಯಯನದಲ್ಲಿ 8,124 ದಕ್ಷಿಣ ಏಷ್ಯಾ ಮೂಲದವರನ್ನೂ ನಾಲ್ಕೂವರೆ ಲಕ್ಷದಷ್ಟು ಯುರೋಪಿಯನ್ನರನ್ನೂ ಸುಮಾರು 11 ವರ್ಷ ಹಿಂಬಾಲಿಸಿದ್ರು. ಹೃದಯ, ರಕ್ತನಾಳದ ತೊಂದರೆ ಆಗಿದ್ದು ನಮ್ಮವರಲ್ಲಿ ಶೇ. 6.8, ಅವರಲ್ಲಿ 4.4, ವಯಸ್ಸು ಸರಿದೂಗಿಸಿ ನೋಡಿದ್ರೆ ಅಪಾಯ ಎರಡು ಪಟ್ಟು. 2021ರಲ್ಲಿ ಇದು ಪ್ರಕಟವಾಯ್ತು. ಅಪಾಯ ದುಪ್ಪಟ್ಟು ಇದ್ದಾಗ ಕ್ಯಾಲ್ಕುಲೇಟರ್ ಅದನ್ನ ಮೊದಲೇ ಹೇಳಬೇಕಿತ್ತು ಅಲ್ವಾ? ಅಮೆರಿಕದ ಸೂತ್ರ ಎರಡೂ ಗುಂಪಿಗೆ ಹೆಚ್ಚುಕಮ್ಮಿ ಒಂದೇ ನಂಬರ್ ಕೊಟ್ಟಿತ್ತು.

ಬ್ರಿಟನ್ನಿನವರು ಇದನ್ನ ಬೇಗ ಗಮನಿಸಿದ್ರು, ಅಲ್ಲಿ ಗುಜರಾತಿ, ಪಂಜಾಬಿ, ಬಾಂಗ್ಲಾದೇಶಿ ಜನ ಬಹಳ ಇದ್ದಾರಲ್ಲ. ಮೊದಮೊದಲು ಫ್ರೇಮಿಂಗ್‌ಹ್ಯಾಮ್ ನಂಬರ್ ತಗೊಂಡು ದಕ್ಷಿಣ ಏಷ್ಯಾದ ಗಂಡಸಾದ್ರೆ 1.4ರಿಂದ ಗುಣಿಸಿ ಅಂತ ಹೇಳ್ತಿದ್ರು, ಅಂದಾಜಿನ ಮೇಲೆ ಅಂದಾಜು. 2008ರಲ್ಲಿ ಕ್ಯೂರಿಸ್ಕ್ ಅನ್ನೋ ಅವರದ್ದೇ ಕ್ಯಾಲ್ಕುಲೇಟರಿನ ಎರಡನೇ ಆವೃತ್ತಿ ಬಂತು, ಅದರಲ್ಲಿ ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿ ಅಂತ ಬೇರೆ ಬೇರೆ ಬಾಕ್ಸ್. ಅಮೆರಿಕದವರು 2018ರಲ್ಲಿ ಬೇರೆ ದಾರಿ ಹಿಡಿದ್ರು, ಸೂತ್ರ ಮುಟ್ಟಲಿಲ್ಲ, ದಕ್ಷಿಣ ಏಷ್ಯಾ ಮೂಲ ಅನ್ನೋದನ್ನ "ರಿಸ್ಕ್ ಹೆಚ್ಚಿಸೋ ಅಂಶ" ಅಂತ ಪಟ್ಟಿಗೆ ಸೇರಿಸಿದ್ರು, ಡಾಕ್ಟ್ರು ನಂಬರ್ ನೋಡಿದ ಮೇಲೆ ಇದನ್ನೂ ಮನಸಲ್ಲಿಟ್ಟು ತೀರ್ಮಾನ ಮಾಡ್ಲಿ ಅಂತ.

ಇಷ್ಟು ಓದಿ "ನಮ್ಮ ಹಾರ್ಟೇ ವೀಕು, ಜೀನಲ್ಲೇ ಬಂದದ್ದು" ಅಂತ ಕೈಚೆಲ್ಲೋದೂ ತಪ್ಪು. 2004ರ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದದ್ದು, ಅದರಲ್ಲಿ ಕಂಡಿದ್ದು ಏನಂದ್ರೆ ತಂಬಾಕು, ಕೊಬ್ಬಿನ ಏರುಪೇರು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದೇ ಇರೋದು, ಮೈ ಆಡಿಸದೇ ಇರೋದು, ಜೊತೆಗೆ ಕುಡಿತದ ಲೆಕ್ಕ, ಈ ಒಂಬತ್ತೇ ಸಂಗತಿಗಳು ಎಲ್ಲಾ ಖಂಡಗಳಲ್ಲೂ ಮೊದಲ ಅಟ್ಯಾಕಿನ ಬಹುಪಾಲನ್ನ ವಿವರಿಸ್ತವೆ. ವ್ಯತ್ಯಾಸ ಇದ್ದದ್ದು ವಯಸ್ಸಲ್ಲಿ. ಮೊದಲ ಅಟ್ಯಾಕ್ ದಕ್ಷಿಣ ಏಷ್ಯಾದವರಿಗೆ ಸರಾಸರಿ 53ಕ್ಕೆ, ಬೇರೆಯವರಿಗೆ 59ರ ಹತ್ತಿರ, ಯಾಕಂದ್ರೆ ಈ ಕೆಟ್ಟ ಅಂಶಗಳು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಬಂದು ಕೂತಿರ್ತವೆ. ಕ್ಯಾಲ್ಕುಲೇಟರಲ್ಲಿ ಅತಿ ಹೆಚ್ಚು ತೂಕ ಇರೋದು ವಯಸ್ಸಿಗೆ, 42ರ ಮನುಷ್ಯನಿಗೆ ಹೆಚ್ಚಾಗಿ "ಕಡಿಮೆ ಅಪಾಯ" ಅಂತಲೇ ಬರ್ತದೆ. ನಮ್ಮ ತೊಂದರೆ ಶುರುವಾಗೋದೇ ಆ ವಯಸ್ಸಲ್ಲಿ, ಇದನ್ನ ಜನಾಂಗದ ಸಮಸ್ಯೆ ಅನ್ನೋದಕ್ಕಿಂತ ಟೈಮಿಂಗ್ ಸಮಸ್ಯೆ ಅನ್ನೋದೇ ಸರಿ ಅಂತ ನನಗೆ ಅನ್ನಿಸ್ತದೆ.

2021ರಲ್ಲಿ ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ, ಮತ್ತೆ 2025ರಲ್ಲಿ ಹಾಸನದ ಸಾವುಗಳ ಸುದ್ದಿ ಟಿವಿಯಲ್ಲಿ ಓಡಿದಾಗ, ಊರೂರಲ್ಲೂ ಇಸಿಜಿಗೆ ಕ್ಯೂ. ಇಲ್ಲಿ ಒಂದು ಮಾತು ಖಡಾಖಂಡಿತ ಹೇಳ್ತೇನೆ, ಮಲಗಿಸಿ ತೆಗೆಯೋ ಇಸಿಜಿ ಮುಂದೆ ಅಟ್ಯಾಕ್ ಆಗ್ತದಾ ಅಂತ ಹೇಳೋ ಟೆಸ್ಟೇ ಅಲ್ಲ. ಎದೆನೋವು ಬಂದಿರುವಾಗ ಅದಕ್ಕಿಂತ ಮುಖ್ಯವಾದ್ದು ಇಲ್ಲ, ಸರ್ಕಾರದ ಹೃದಯಜ್ಯೋತಿ ಯೋಜನೆ ನಿಂತಿರೋದೇ ಆ ಆಧಾರದ ಮೇಲೆ, ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ನೋಡಿ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದು. ಆದ್ರೆ ಏನೂ ತೊಂದರೆ ಇಲ್ಲದೇ ಇದ್ದವರಲ್ಲಿ ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿದ್ರೂ ಇಸಿಜಿ ಸಪಾಟ್ ನಾರ್ಮಲ್ ಇರಬಹುದು. ಅಮೆರಿಕದ ಪ್ರಿವೆಂಟಿವ್ ಟಾಸ್ಕ್‌ಫೋರ್ಸ್ 2018ರಲ್ಲೇ ಹೇಳಿದೆ, ಲಕ್ಷಣ ಇಲ್ಲದ ಕಡಿಮೆ ಅಪಾಯದವರಿಗೆ ಸ್ಕ್ರೀನಿಂಗ್ ಅಂತ ಇಸಿಜಿ ಮಾಡಬೇಡಿ ಅಂತ. ಪ್ಯಾಕೇಜ್ ಮಾರೋರು ಈ ಮಾತು ಹೇಳಲ್ಲ ಬಿಡಿ.

ಕ್ಯಾಲ್ಸಿಯಂ ಸ್ಕೋರ್ ಅನ್ನೋ ಸಿಟಿ ಸ್ಕ್ಯಾನ್ ಈಗ ದೊಡ್ಡ ಊರುಗಳಲ್ಲಿ ಸಿಗ್ತದೆ, ಹೃದಯದ ರಕ್ತನಾಳದಲ್ಲಿ ಕಟ್ಟಿರೋ ಸುಣ್ಣದಂಶ ಅಳೆಯೋದು. ಇದು ನನಗೆ ಮೆಚ್ಚಿನದು, ಯಾಕಂದ್ರೆ ಜನಾಂಗ ನೋಡಿ ಊಹೆ ಮಾಡೋದಲ್ಲ, ನಿಮ್ಮದೇ ನಾಳ ಇಣುಕಿ ನೋಡೋದು. ಆದ್ರೂ ರಿಪೋರ್ಟಲ್ಲಿ ನಿಮ್ಮ ವಯಸ್ಸಿನವರಲ್ಲಿ ನೀವು ಇಷ್ಟನೇ ಪರ್ಸೆಂಟೈಲ್, ಅಂದ್ರೆ ನೂರರಲ್ಲಿ ಇಷ್ಟು ಜನರಿಗಿಂತ ಮೇಲೆ ಅಂತ ಬರೆದಿದ್ರೆ, ಯಾರ ಜೊತೆ ಹೋಲಿಸಿದ್ದು ಅಂತ ಕೇಳಿ. ಅದಕ್ಕೆ ಹೆಚ್ಚಾಗಿ ಬಳಸೋ ಅಳತೆ ಮೆಸಾ ಅನ್ನೋ ಅಮೆರಿಕದ ಅಧ್ಯಯನದ್ದು, 2000ದಲ್ಲಿ ಶುರು, 6,814 ಜನ, ಬಹುಜನಾಂಗೀಯ ಅಂತಲೇ ಹೆಸರು, ಬಿಳಿಯರು, ಕಪ್ಪು ವರ್ಣೀಯರು, ಹಿಸ್ಪಾನಿಕ್ಕರು, ಚೀನೀಯರು ಇದ್ದಾರೆ, ನಮ್ಮವರು ಒಬ್ಬರೂ ಇಲ್ಲ. ಆ ಕೊರತೆ ತುಂಬೋಕೆ 2010ರಿಂದ ಸ್ಯಾನ್ ಫ್ರಾನ್ಸಿಸ್ಕೋ, ಶಿಕಾಗೋ ಕಡೆಯ 906 ದಕ್ಷಿಣ ಏಷ್ಯನ್ನರನ್ನ ಸೇರಿಸಿ ಇನ್ನೊಂದು ಅಧ್ಯಯನ ಮಾಡಿದ್ರು, ಅದರ ಹೆಸರು ಮಸಾಲಾ, ಹೌದು ನಿಜವಾಗ್ಲೂ ಮಸಾಲಾ. ಅದರಲ್ಲಿ ನಮ್ಮ ಗಂಡಸರ ಕ್ಯಾಲ್ಸಿಯಂ ಬಿಳಿ ಗಂಡಸರಷ್ಟೇ ಇತ್ತು, ಬೇರೆ ಮೂರು ಗುಂಪಿಗಿಂತ ಹೆಚ್ಚು. ಚೀನೀಯರ ಜೊತೆ ನಮ್ಮನ್ನೂ ಸೇರಿಸಿ "ಏಷ್ಯನ್" ಅಂತ ಒಂದೇ ಮೂಟೆ ಕಟ್ಟಿದ್ರೆ ಏನು ಎಡವಟ್ಟಾಗ್ತದೆ ಅನ್ನೋದು ಇಲ್ಲೇ ಕಾಣ್ತದೆ. ಮತ್ತೆ, ಸುಣ್ಣ ಕಟ್ಟೋಕೆ ವರ್ಷಗಳು ಬೇಕು, ಮೆತ್ತನೆಯ ಕೊಬ್ಬಿನ ಗಂಟು ಈ ಸ್ಕ್ಯಾನಿಗೆ ಕಾಣಲ್ಲ, ಹಾಗಾಗಿ 40ರ ಆಸುಪಾಸಲ್ಲಿ ಸೊನ್ನೆ ಬಂದ್ರೆ 65ರಲ್ಲಿ ಬಂದ ಸೊನ್ನೆಯಷ್ಟು ನಿಶ್ಚಿಂತೆ ಅದರಲ್ಲಿ ಇಲ್ಲ.

ಲೈಪೊಪ್ರೋಟೀನ್ ಎ ಅನ್ನೋ ಇನ್ನೊಂದು ರಕ್ತದ ಟೆಸ್ಟ್ ಇದೆ, ಮಾಮೂಲಿ ಲಿಪಿಡ್ ಪ್ರೊಫೈಲಲ್ಲಿ ಬರಲ್ಲ, ಬೇರೆ ಕೇಳಿ ಮಾಡಿಸ್ಬೇಕು. ಅದರ ಮಟ್ಟ ಬಹುಪಾಲು ಹುಟ್ಟಿನಿಂದಲೇ ನಿರ್ಧಾರ ಆಗಿರ್ತದೆ, ಊಟ ಬದಲಾಯಿಸಿದ್ರೂ ಅಷ್ಟೇನೂ ಅಲ್ಲಾಡಲ್ಲ. ಆಫ್ರಿಕನ್ ಮೂಲದವರಲ್ಲಿ ಇದು ಸರಾಸರಿ ಎಲ್ಲರಿಗಿಂತ ಹೆಚ್ಚು, ನಮ್ಮವರಲ್ಲೂ ಯುರೋಪಿಯನ್ನರಿಗಿಂತ ಹೆಚ್ಚು. 2019ರಲ್ಲಿ ಇಂಟರ್‌ಹಾರ್ಟ್ ಡೇಟಾದಲ್ಲಿ ನೋಡಿದಾಗ 50 ಮಿಲಿಗ್ರಾಂ ದಾಟಿದ್ರೆ ದಕ್ಷಿಣ ಏಷ್ಯಾದವರಲ್ಲಿ ಅಟ್ಯಾಕಿನ ಜೊತೆ ನಂಟು ಬಲವಾಗಿ ಕಂಡಿತು, ಆಫ್ರಿಕನ್ನರಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಒಂದೇ ನಂಬರ್, ಎರಡು ಗುಂಪಲ್ಲಿ ಎರಡು ಅರ್ಥ. ಶುಗರಿನ ಮೂರು ತಿಂಗಳ ಸರಾಸರಿ ಟೆಸ್ಟಲ್ಲೂ ಇಂಥದ್ದೇ ಇದೆ, ಕಬ್ಬಿಣದಂಶ ಕಡಿಮೆ ಇರೋ ಹೆಂಗಸರಲ್ಲಿ ಅದು ಇರೋದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು, ನಮ್ಮಲ್ಲಿ ರಕ್ತ ಕಡಿಮೆ ಇರೋ ಹೆಂಗಸರು ಎಷ್ಟು ಜನ ಅಂತ ಲ್ಯಾಬಿನವರನ್ನ ಕೇಳಿ.

ತೂಕದ ವಿಷಯ ಎಲ್ಲರಿಗೂ ಸುಲಭಕ್ಕೆ ಅರ್ಥ ಆಗೋದು. ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 25ರ ಒಳಗಿದ್ರೆ ಸರಿ ಅನ್ನೋದು ಯುರೋಪಿಯನ್ನರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಏಷ್ಯನ್ನರಿಗೆ 23ಕ್ಕೇ ಎಚ್ಚರ ಶುರುವಾಗಲಿ ಅಂದ್ರು, ಯಾಕಂದ್ರೆ ಅದೇ ತೂಕಕ್ಕೆ ನಮ್ಮ ಮೈಯಲ್ಲಿ ಕೊಬ್ಬಿನ ಪಾಲು ಜಾಸ್ತಿ, ಅದೂ ಹೊಟ್ಟೆಯ ಒಳಗೆ. ಐದಡಿ ಐದಿಂಚಿನ ಗಂಡಸು 65 ಕೆಜಿ ಇದ್ರೆ ಯಾರ ಕಣ್ಣಿಗೂ ದಪ್ಪ ಕಾಣಲ್ಲ, ಬಿಎಂಐ 24ರ ಹತ್ತಿರ, ಹಳೇ ಲೆಕ್ಕದಲ್ಲಿ ಪಾಸು, ನಮ್ಮ ಲೆಕ್ಕದಲ್ಲಿ ಗೆರೆ ದಾಟಿಯಾಯ್ತು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಟೇಲರ್ ಟೇಪ್ ಸಾಕು.

ಜೀನ್ ಟೆಸ್ಟ್ ಆದ್ರೂ ನಿಷ್ಪಕ್ಷಪಾತ ಇರ್ತದೆ ಅಂತ ನಾನು ಅನ್ಕೊಂಡಿದ್ದೆ, ಅಕ್ಷರ ಓದೋದಷ್ಟೇ ಅಲ್ವಾ. 2016ರಲ್ಲಿ ಬಂದ ಒಂದು ಅಧ್ಯಯನ ಅದನ್ನೂ ಕೆಡವಿತು. ಹೃದಯದ ಸ್ನಾಯು ದಪ್ಪಗಾಗೋ ಒಂದು ವಂಶವಾಹಿ ಕಾಯಿಲೆಗೆ ಕಾರಣ ಅಂತ ಪಟ್ಟಿಯಲ್ಲಿದ್ದ ಕೆಲವು ಜೀನ್ ಬದಲಾವಣೆಗಳು ಕಪ್ಪು ವರ್ಣೀಯರಲ್ಲಿ ಆರಾಮಾಗಿ ಇರೋ ಸಾಮಾನ್ಯ ಬದಲಾವಣೆಗಳಾಗಿದ್ವು. ಮೊದಲು ಹೋಲಿಸಿ ನೋಡಿದ ಆರೋಗ್ಯವಂತರಲ್ಲಿ ಕಪ್ಪು ವರ್ಣೀಯರು ಸಾಕಷ್ಟು ಇರಲಿಲ್ಲ, ಹಾಗಾಗಿ "ಇದು ಅಪರೂಪ, ಹಾಗಾದ್ರೆ ಇದೇ ರೋಗಕ್ಕೆ ಕಾರಣ" ಅಂತ ಬರೆದುಬಿಟ್ಟಿದ್ರು. ರೋಗ ಇಲ್ಲದವರಿಗೆ, ಅವರ ಮನೆಮಂದಿಗೆ, ರೋಗದ ಪಟ್ಟ ಸಿಕ್ಕಿತು. ಆ ಗುಂಪಲ್ಲಿ ಸ್ವಲ್ಪ ಕಪ್ಪು ವರ್ಣೀಯರು ಇದ್ದಿದ್ರೂ ತಪ್ಪು ಸಿಕ್ಕಿಬೀಳ್ತಿತ್ತು. ಇದರ ಇನ್ನೊಂದು ಮುಖ ನಮ್ಮದು: 2009ರಲ್ಲಿ ಕಂಡುಬಂದ ಒಂದು ಜೀನ್ ತುಣುಕಿನ ಕೊರತೆ ಭಾರತ ಉಪಖಂಡದ ನೂರರಲ್ಲಿ ಸುಮಾರು 4 ಜನರಲ್ಲಿ ಇದೆ, ಹೃದಯ ಸ್ನಾಯುವಿನ ತೊಂದರೆಗೆ ಅದರ ನಂಟಿದೆ, ಇದ್ದವರಿಗೆಲ್ಲಾ ರೋಗ ಬರ್ತದೆ ಅಂತಲ್ಲ. ಬರೀ ಯುರೋಪಿಯನ್ನರನ್ನ ನೋಡ್ತಾ ಕೂತಿದ್ರೆ ಇದು ಕಣ್ಣಿಗೇ ಬೀಳ್ತಿರಲಿಲ್ಲ.

ಹಾಗಾದ್ರೆ ಕ್ಯಾಲ್ಕುಲೇಟರಿಂದ ಜನಾಂಗವನ್ನೇ ತೆಗೆದುಹಾಕಿದ್ರೆ? ಅಮೆರಿಕದವರು ಅದನ್ನೂ ಮಾಡಿದ್ರು. 2023ರ ಕೊನೆಗೆ ಪ್ರಿವೆಂಟ್ ಅನ್ನೋ ಹೊಸ ಸೂತ್ರ ಬಂತು, 60 ಲಕ್ಷಕ್ಕೂ ಹೆಚ್ಚು ಜನರ ಡೇಟಾ, ಜನಾಂಗದ ಪ್ರಶ್ನೆ ಇಲ್ಲ, ಬದಲಿಗೆ ಕಿಡ್ನಿ ಹೇಗಿದೆ ಅಂತ ನೋಡ್ತದೆ, ಬೇಕಾದ್ರೆ ವಾಸ ಇರೋ ಜಾಗದ ಬಡತನದ ಅಂದಾಜನ್ನೂ ಸೇರಿಸಬಹುದು, 30 ವರ್ಷದವರಿಂದಲೇ ಲೆಕ್ಕ ಹಾಕ್ತದೆ. ವಾದ ಸರಿಯಾಗೇ ಇದೆ. ಕಪ್ಪು ವರ್ಣೀಯರಲ್ಲಿ ಹೃದ್ರೋಗ ಹೆಚ್ಚು ಕಂಡಿದ್ದು ಅವರ ರಕ್ತದ ಗುಣದಿಂದಲ್ಲ, ಬಡತನ, ಒತ್ತಡ, ಆಸ್ಪತ್ರೆ ಸಿಗದೇ ಇರೋದು ಇವೆಲ್ಲಾ ಸೇರಿ, ಹಾಗಾಗಿ ಕಾರಣವನ್ನೇ ಅಳೆಯಿರಿ, ಚರ್ಮವನ್ನಲ್ಲ. ಒಪ್ಪಿದೆ. ಆದ್ರೆ ನಮ್ಮ ಕಡೆಯಿಂದ ನೋಡಿದ್ರೆ ಒಂದು ತೊಡಕು ಉಳಿತದೆ, ಆ ಸೂತ್ರದಲ್ಲಿ ನಮ್ಮ ಹೆಚ್ಚುವರಿ ಅಪಾಯ ಹಿಡಿಯೋ ಸಾಧನ ಏನೂ ಇಲ್ಲ, ಸೊಂಟದ ಅಳತೆ ಇಲ್ಲ, ಲೈಪೊಪ್ರೋಟೀನ್ ಎ ಇಲ್ಲ, ಮನೆತನದ ಇತಿಹಾಸ ಇಲ್ಲ. ಬಾಕ್ಸ್ ತೆಗೆದ್ರು ಸರಿ, ಬಾಕ್ಸ್ ಯಾವುದರ ಬದಲಿಗೆ ನಿಂತಿತ್ತೋ ಅದನ್ನ ಪೂರ್ತಿ ತರಲಿಲ್ಲ.

ನಮ್ಮದೇ ಫ್ರೇಮಿಂಗ್‌ಹ್ಯಾಮ್ ಮಾಡ್ಕೊಳ್ಳೋದು ಯಾಕೆ ಕಷ್ಟ ಅಂದ್ರೆ, ಯಾರು ಯಾವುದರಿಂದ ಸತ್ತರು ಅಂತ ಖಚಿತವಾಗಿ ಬರೆದಿಡಬೇಕು. ದೇಶದಲ್ಲಿ ನೋಂದಣಿ ಆಗೋ ಸಾವುಗಳಲ್ಲಿ ಡಾಕ್ಟರ್ ಕಾರಣ ಬರೆದು ಸಹಿ ಹಾಕೋದು ಕಾಲುಭಾಗಕ್ಕಿಂತ ಕಡಿಮೆ. "ತೋಟಕ್ಕೆ ಹೋದವರು ಅಲ್ಲೇ ಕುಸಿದ್ರು" ಅಂತ ಊರಲ್ಲಿ ಹೇಳ್ತಾರೆ, ಅದು ಹಾರ್ಟಾ, ಸ್ಟ್ರೋಕಾ, ಹಾವಾ, ಕಾಗದದಲ್ಲಿ ಇರಲ್ಲ. ಟೆಸ್ಟಿನ ನಿಖರತೆಯ ಲೆಕ್ಕಕ್ಕೂ ಇದೇ ಗತಿ, ಆಂಜಿಯೋಗ್ರಾಂ ಆದವರಲ್ಲಿ ಮಾತ್ರ ಟೆಸ್ಟ್ ಸರಿಯೋ ತಪ್ಪೋ ಗೊತ್ತಾಗೋದು, ಅಲ್ಲಿವರೆಗೆ ಹೋಗಲಾರದವರು ಲೆಕ್ಕಕ್ಕೇ ಸಿಗಲ್ಲ.

ಇರೋದ್ರಲ್ಲಿ ನಮಗೆ ಹತ್ತಿರ ಇರೋದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಚಾರ್ಟುಗಳು. ಜಗತ್ತನ್ನ 21 ಪ್ರದೇಶ ಮಾಡಿದ್ದಾರೆ, ದಕ್ಷಿಣ ಏಷ್ಯಾಕ್ಕೆ ಬೇರೆ ಚಾರ್ಟ್, ಈ ಭಾಗದ ರೋಗದ ಪ್ರಮಾಣಕ್ಕೆ ಸರಿಹೊಂದಿಸಿದ್ದು. ರಕ್ತ ಪರೀಕ್ಷೆ ಇಲ್ಲದೆ ಬಿಎಂಐ, ಬಿಪಿ, ವಯಸ್ಸು, ಗಂಡೋ ಹೆಣ್ಣೋ, ತಂಬಾಕು ಹೊಗೆ ಇಷ್ಟರಲ್ಲೇ ನೋಡೋ ಚಾರ್ಟೂ ಇದೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತು ಬಣ್ಣ ನೋಡಿ ಹೇಳಬಹುದು. ಮುಂಡಗೋಡಿನ ಟಿಬೆಟಿಯನ್ನರಿಗೂ ಯಲ್ಲಾಪುರದ ಸಿದ್ದಿಗಳಿಗೂ ಭಟ್ಕಳದವರಿಗೂ ಒಂದೇ ಚಾರ್ಟು, ಅದು ಜನಾಂಗ ನೋಡಲ್ಲ, ಇರೋ ಜಾಗ ನೋಡ್ತದೆ. ಯಾವುದು ಮೇಲು ಅಂತ ಕೇಳಿದ್ರೆ, ಜಾಗ ನೋಡೋದೇ ಸದ್ಯಕ್ಕೆ ಮೇಲು ಅಂತೀನಿ.

ಡಾಕ್ಟ್ರ ಹತ್ರ ಹೋದಾಗ ನಂಬರಿನ ಜೊತೆ ನಾಲ್ಕು ಮಾತು ನೀವೇ ಹೇಳ್ಬೇಕು, ಫಾರ್ಮು ಕೇಳಲ್ಲ. ಅಪ್ಪ, ಅಣ್ಣ ತಮ್ಮಂದಿರಿಗೆ 55ರ ಒಳಗೆ ಅಥವಾ ಅಮ್ಮ, ಅಕ್ಕ ತಂಗಿಯರಿಗೆ 65ರ ಒಳಗೆ ಹಾರ್ಟ್ ತೊಂದರೆ ಆಗಿದ್ಯಾ, ಆಗಿದ್ರೆ ಎಷ್ಟನೇ ವಯಸ್ಸಿಗೆ. ಹೆಂಗಸರಾದ್ರೆ ಬಸುರಲ್ಲಿ ಬಿಪಿ ಏರಿ ತೊಂದರೆ ಆಗಿತ್ತಾ, 40ರ ಒಳಗೇ ಮುಟ್ಟು ನಿಂತಿತ್ತಾ. ಲೈಪೊಪ್ರೋಟೀನ್ ಎ ಜೀವಮಾನದಲ್ಲಿ ಒಮ್ಮೆ ನೋಡಿಸಬಹುದಾ ಅಂತ ಕೇಳಿ. ಇನ್ನೊಂದು ಕವಳದ್ದು, ಅಂದ್ರೆ ಎಲೆ ಅಡಿಕೆಯದ್ದು. ಸಿಗರೇಟ್ ಸೇದ್ತೀರಾ ಅಂದ್ರೆ ನಮ್ಮಲ್ಲಿ ಬಹಳ ಜನ "ಇಲ್ಲಪ್ಪ" ಅಂತಾರೆ, ಹೇಳೋದು ಸುಳ್ಳೂ ಅಲ್ಲ, ಆದ್ರೆ ಬಾಯಲ್ಲಿ ತಂಬಾಕು ಹಾಕಿದ ಕವಳ ಇರ್ತದೆ. ಇಂಟರ್‌ಹಾರ್ಟಿನವರೇ 2006ರಲ್ಲಿ ತೋರಿಸಿದ್ದಾರೆ, ಜಗಿಯೋ ತಂಬಾಕೂ ಅಟ್ಯಾಕಿನ ಅಪಾಯವನ್ನ ಎರಡು ಪಟ್ಟು ಮಾಡ್ತದೆ. ಅಮೆರಿಕದ ಕ್ಯಾಲ್ಕುಲೇಟರುಗಳಲ್ಲಿ ಅದಕ್ಕೆ ಜಾಗ ಇಲ್ಲ, ಕ್ಯೂರಿಸ್ಕಲ್ಲೂ ಇಲ್ಲ, ಹಾಗಾಗಿ "ಸ್ಮೋಕಿಂಗ್ ಇಲ್ಲ" ಅಂತ ಬರೆಸಿ ಸುಮ್ಮನಾಗಬೇಡಿ, ದಿನಕ್ಕೆ ಎಷ್ಟು ಕವಳ, ಅದರಲ್ಲಿ ತಂಬಾಕು ಎಷ್ಟು, ಎಷ್ಟು ವರ್ಷದಿಂದ ಅಂತ ಚೀಟಿಯ ಮೇಲೆ ಬರೆಸಿ.